ಹೊಲಿಗೆ ಮಷೀನು ಬೇಡ ಅನ್ನುತ್ತಿಲ್ಲ ಚಾಚಾ, ಮೇ ತಿಂಗಳ ಮಾತು ಕೇಳಿ

ಅಸ್ಸಲಾಮು ಅಲೈಕುಂ ಎಲ್ಲರಿಗೂ. ಗ್ರೂಪಿನಲ್ಲಿರುವ ಓಣಿಯ ಬೇರೆಯವರಿಗೂ ನಮಸ್ಕಾರ. ದೊಡ್ಡ ಚಾಚಾ ನಿನ್ನೆ ರಾತ್ರಿ ಹಾಕಿದ್ದನ್ನು ಈಗ ಶಾಲೆಯಿಂದ ಬಂದ ಮೇಲೆ ಕೇಳಿದೆ. ಈ ರಂಜಾನಿನಲ್ಲಿ ಮೊಹಲ್ಲಾದಲ್ಲಿ ಕೂಡುವ ದುಡ್ಡಿನಿಂದ ಬಡ ಹುಡುಗಿಯರಿಗೆ ಹೊಲಿಗೆ ಮಷೀನು ತರೋಣ, ಶಾದಿ ಮಹಲಿನಲ್ಲಿ ಜಲಸಾ ಇಟ್ಟು ದೊಡ್ಡವರ ಕೈಯಿಂದ ಹಂಚಿಸೋಣ ಅಂದಿದ್ದೀರಿ. ಅದರ ಕೆಳಗೇ ಮಾಮು, ಹತ್ತನೇ ಆಯಿತಲ್ಲ, ಇನ್ನು ಓದಿಸಿ ಏನು ಮಾಡುವುದು, ಜಾಸ್ತಿ ಓದಿದ ಹುಡುಗಿಗೆ ಜೋಡಿ ಎಲ್ಲಿ ಸಿಗುತ್ತದೆ ಅಂತ ಕೇಳಿದ್ದಾರೆ. ಎರಡಕ್ಕೂ ನನಗೆ ಹೇಳುವುದಿದೆ. ಟೈಪ್ ಮಾಡಲು ಹೋದರೆ ಅರ್ಧಕ್ಕೇ ಬಿಟ್ಟುಬಿಡುತ್ತೇನೆ, ಅದಕ್ಕೇ ವಾಯ್ಸ್. ಉದ್ದ ಆಗುತ್ತದೆ, ರೊಟ್ಟಿ ಬಡಿಯುತ್ತಾ ಕೇಳಿ. ಕನ್ನಡದಲ್ಲೇ ಹೇಳುತ್ತೇನೆ, ಓಣಿಯ ಎಲ್ಲರಿಗೂ ತಿಳಿಯಲಿ.

ಮೊದಲು ಮಷೀನಿನ ವಿಷಯ. ಹೊಲಿಗೆಯನ್ನು ನಾನು ಕೀಳು ಮಾಡುತ್ತಿಲ್ಲ ಚಾಚಾ. ನನ್ನ ಅಮ್ಮಿ ಬ್ಲೌಸ್ ಹೊಲಿದ ದುಡ್ಡಿನಲ್ಲೇ ನನ್ನ ಬಿ.ಎಡ್. ಫೀಸ್ ಕಟ್ಟಿದವರು, ನಿಮಗೂ ಗೊತ್ತು. ಆದರೆ ಈಗ ನಮ್ಮ ಓಣಿಯಲ್ಲಿ ಮಷೀನು ಇಲ್ಲದ ಮನೆ ಯಾವುದಿದೆ ಹೇಳಿ. ಈದ್ ಮುಂದೆ, ಮದುವೆ ಸೀಸನ್ನಿನಲ್ಲಿ ಕೈತುಂಬ ಕೆಲಸ. ಉಳಿದ ದಿನ ಅದರ ಮೇಲೆ ಒಗೆದ ಬಟ್ಟೆ ಮಡಚಿಡುತ್ತೇವೆ. ಅದೂ ಅಲ್ಲದೆ ಕೊಡುವವರು ಯಾರೂ ಏನು ಬೇಕು ಅಂತ ಕೇಳುವುದೇ ಇಲ್ಲ. ಒಬ್ಬಳಿಗೆ ಪಿಕೋ ಮಷೀನು ಬೇಕಿರುತ್ತದೆ, ಇನ್ನೊಬ್ಬಳಿಗೆ ಓವರ್‌ಲಾಕ್ ಬೇಕಿರುತ್ತದೆ, ಎಲ್ಲರಿಗೂ ಅದೇ ಕಾಲಿನಿಂದ ತುಳಿಯುವ ಮಷೀನು. ಹದಿನಾರು ವರ್ಷದ ಹುಡುಗಿಗೆ ಅದನ್ನು ಕೊಟ್ಟರೆ ಮನೆಯವರಿಗೆ ಏನು ತಿಳಿಯುತ್ತದೆ? ಇವಳ ಓದು ಮುಗಿಯಿತು, ಜಮಾತಿನವರೇ, ಅಂದರೆ ಮಸೀದಿ ಕಮಿಟಿಯವರೇ ಹೇಳಿದರು ಅಂತ. ನನಗೆ ಸಿಟ್ಟು ಬರುವುದು ಅಲ್ಲಿ. ವಿಧವೆ ಆಪಾಗಳಿಗೆ, ಗಂಡ ಬಿಟ್ಟವರಿಗೆ, ಗಿರಾಕಿ ಇದ್ದು ಮಷೀನು ಇಲ್ಲದವರಿಗೆ ಕೊಡಿ, ಅವರಿಗೆ ಬೇಕಾದದ್ದನ್ನು ಕೇಳಿ ಕೊಡಿ. ಓದುವ ಹುಡುಗಿಯರಿಗೆ ಬೇಡ.

ಅವರಿಗೆ ಏನು ಬೇಕು ಅಂದರೆ, ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನದಿಂದ ಪಿಯುಸಿ ಕ್ಲಾಸ್ ಶುರುವಾಗುವ ತನಕ ಒಂದು ತಿಂಗಳು ಯಾರಾದರೂ ಅವರ ಬೆನ್ನಿಗೆ ನಿಲ್ಲಬೇಕು. ಅಷ್ಟೇ. ನಾನು ಹೈಸ್ಕೂಲಿನಲ್ಲಿ ಪಾಠ ಮಾಡುವವಳು, ಇದನ್ನು ಪ್ರತಿ ವರ್ಷ ಕಣ್ಣಾರೆ ನೋಡುತ್ತೇನೆ. ಹುಡುಗಿಯರು ಮಧ್ಯದಲ್ಲಿ ಶಾಲೆ ಬಿಡುವುದು ಮೊದಲಿಗಿಂತ ಕಡಿಮೆ ಆಗಿದೆ. ಬರುತ್ತಾರೆ, ಓದುತ್ತಾರೆ, ಪಾಸಾಗುತ್ತಾರೆ. ಆಮೇಲೆ ಟಿಸಿ ತೆಗೆದುಕೊಂಡು ಹೋಗಲು ಜೂನ್ ತನಕ ಬರುವುದೇ ಇಲ್ಲ. ಜುಲೈಯಲ್ಲಿ ಯಾರೋ ಹೇಳುತ್ತಾರೆ, ಅವಳ ಮಂಗನಿ, ನಿಶ್ಚಿತಾರ್ಥ ಆಯಿತು ಟೀಚರ್ ಅಂತ. ಅಡ್ಮಿಶನ್ ಮಾಡಿಸಿದ್ದರೆ ಆ ಮಂಗನಿ ಎರಡು ವರ್ಷ ಮುಂದೆ ಹೋಗುತ್ತಿತ್ತು. ಹುಡುಗಿ ಮನೆಯಲ್ಲಿ ಖಾಲಿ ಕೂತಿದ್ದಾಳೆ ಅನ್ನುವುದೇ ಎಷ್ಟೋ ಮನೆಗಳಲ್ಲಿ ಮದುವೆಗೆ ಕಾರಣ.

ಇದು ನಮ್ಮ ಓಣಿಯ ಕಥೆ ಮಾತ್ರ ಅಂದುಕೊಳ್ಳಬೇಡಿ. ಮುಸ್ಲಿಮರ ಸ್ಥಿತಿಗತಿ ನೋಡಲು ಕೇಂದ್ರ ಸರ್ಕಾರ ನೇಮಿಸಿದ್ದ ಸಾಚಾರ್ ಕಮಿಟಿ 2006ರಲ್ಲಿ ವರದಿ ಕೊಟ್ಟಾಗ ಇಡೀ ದೇಶದ ಲೆಕ್ಕ ಹಾಕಿತ್ತು. 17 ವರ್ಷ ತುಂಬಿದವರಲ್ಲಿ ಮೆಟ್ರಿಕ್ ಮುಗಿಸಿದವರು ದೇಶದಲ್ಲಿ 26%, ಮುಸ್ಲಿಮರಲ್ಲಿ 17%. ಆದರೆ ನೋಡಿ, 2001ರ ಜನಗಣತಿಯಲ್ಲಿ ಕರ್ನಾಟಕದ ಮುಸ್ಲಿಮರ ಸಾಕ್ಷರತೆ ಸುಮಾರು 70%, ಇಡೀ ರಾಜ್ಯದ್ದು ಸುಮಾರು 67%. ಅಂದರೆ ನಮ್ಮವರು ಮಕ್ಕಳನ್ನು ಶಾಲೆಗೇ ಕಳಿಸುವುದಿಲ್ಲ ಅನ್ನುವ ಮಾತು ಸುಳ್ಳು. ಎಲ್ಲರೂ ಮದರಸಾಕ್ಕೇ ಹೋಗುತ್ತಾರೆ ಅನ್ನುವುದೂ ಸುಳ್ಳು, ಅದೇ ವರದಿಯ ಪ್ರಕಾರ ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಲ್ಲಿ ಮದರಸಾಕ್ಕೆ ಹೋಗುವವರು 4% ಮಾತ್ರ. ಕಳಿಸುತ್ತೇವೆ ಚಾಚಾ, ಮೇಲಕ್ಕೆ ಹೋಗುವಾಗ ಕೈ ಬಿಡುತ್ತೇವೆ. ಚಾಂದ್ ಬೀಬಿ ಆಳಿದ ಊರು ನಮ್ಮ ವಿಜಯಪುರ ಅಂತ ಜಲಸಾದಲ್ಲಿ ಭಾಷಣ ಮಾತ್ರ ಜೋರಾಗಿರುತ್ತದೆ.

ಈಗ ಕಾಗದದ ಗೋಳು ಕೇಳಿ, ಇದನ್ನು ಗಂಡಸರು ಕೇಳಲೇಬೇಕು. ಒಬ್ಬ ಹುಡುಗಿಯ ಹೆಸರು ಶಾಲೆಯ ದಾಖಲೆಯಲ್ಲಿ ಬೀಬಿ ಜೊತೆಗೆ ಇರುತ್ತದೆ, ಆಧಾರ್‌ನಲ್ಲಿ ಬೀಬಿ ಇರುವುದಿಲ್ಲ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಬೇಗಂ ಆಗಿರುತ್ತದೆ. ಬಾನು ಒಂದು ಕಡೆ, ಭಾನು ಇನ್ನೊಂದು ಕಡೆ. ಇದನ್ನು ಯಾರೂ ಒಂದನೇ ಕ್ಲಾಸಿನಲ್ಲಿ ನೋಡುವುದಿಲ್ಲ. ಸ್ಕಾಲರ್‌ಶಿಪ್‌ಗೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್ಲಿನಲ್ಲಿ ಅರ್ಜಿ ಹಾಕುವಾಗ ಸಿಕ್ಕಿಬೀಳುತ್ತದೆ. ಅಕೌಂಟಿಗೆ ಆಧಾರ್ ಲಿಂಕ್ ಆಗಿದೆ ಅಂತ ಬ್ಯಾಂಕಿನವರು ಹೇಳುತ್ತಾರೆ, ಆದರೆ ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಸರ್ಕಾರದ ದುಡ್ಡು ಈ ಅಕೌಂಟಿಗೇ ಬರಲಿ ಅನ್ನುವ ಜೋಡಣೆ ಆಗಿರುವುದಿಲ್ಲ, ದುಡ್ಡು ವಾಪಸ್ ಹೋಗುತ್ತದೆ. ಕಳೆದ ವರ್ಷ ನನ್ನ ಕ್ಲಾಸಿನ ಒಬ್ಬಳ ತಾಯಿ ಕೂಲಿ ಬಿಟ್ಟು ಬ್ಯಾಂಕಿಗೆ, ಆಧಾರ್ ಸೆಂಟರಿಗೆ, ನಾಡಕಚೇರಿಗೆ ಓಡಾಡಿ ಓಡಾಡಿ ಕೊನೆಗೆ ನನಗೇ ಕೈ ಮುಗಿದು, ಟೀಚರ್, ಈ ಸ್ಕಾಲರ್‌ಶಿಪ್‌ಗಿಂತ ನನ್ನ ಕೂಲಿಯೇ ಜಾಸ್ತಿ ಹೋಯಿತು ಅಂದಳು.

ಇನ್ನೊಂದು, ಜಾತಿ ಸರ್ಟಿಫಿಕೇಟು. ಹಿಂದುಳಿದ ವರ್ಗಗಳ ಮೀಸಲಾತಿಯಲ್ಲಿ ಮುಸ್ಲಿಂ ಅಂದರೆ ಎಲ್ಲರೂ 2ಬಿ ಅಂತ ಕಣ್ಣು ಮುಚ್ಚಿ ಮಾಡಿಸುತ್ತಾರೆ. ನಮ್ಮ ಓಣಿಯ ನದಾಫ್ ಮನೆಗಳು, ಛಪ್ಪರಬಂದ್ ಮನೆಗಳು ಪ್ರವರ್ಗ 1ರಲ್ಲಿ ಬರುತ್ತವೆ. ಪ್ರವರ್ಗ 1ಕ್ಕೆ ಕೆನೆಪದರದ, ಅಂದರೆ ಆದಾಯ ಮಿತಿಯ ತಕರಾರಿಲ್ಲ. ಸೀಟಿನ ಮೀಸಲಾತಿಯೂ ಬೇರೆ ಲೆಕ್ಕ. ತಪ್ಪು ಸರ್ಟಿಫಿಕೇಟು ಹಿಡಿದು ಸಿಇಟಿ ಕೌನ್ಸೆಲಿಂಗಿಗೆ ಹೋದರೆ ಅಲ್ಲಿ ಯಾರೂ ಕೂರಿಸಿ ಹೇಳುವುದಿಲ್ಲ. ಇದನ್ನು ತಿಳಿದವರು ಒಬ್ಬರು, ಲ್ಯಾಪ್‌ಟಾಪ್ ಒಂದು, ಪ್ರಿಂಟರ್ ಒಂದು, ಮಸೀದಿಯ ಪಕ್ಕದ ಆ ಖಾಲಿ ಕೋಣೆ. ಏಪ್ರಿಲ್, ಮೇ, ಜೂನ್ ಸಂಜೆ ಹೊತ್ತು ಕೂತರೆ ಸಾಕು. ನಮ್ಮಲ್ಲಿ ಕಂಪ್ಯೂಟರ್ ಕಲಿತು ಮನೆಯಲ್ಲಿ ಕೂತ ಹುಡುಗಿಯರೇ ಇದ್ದಾರೆ, ಅವರಿಗೇ ಸಂಬಳ ಕೊಟ್ಟು ಕೂರಿಸಿ. ಪುಕ್ಕಟೆ ಸೇವೆ ಮಾಡು ಮಗಳೇ ಅಂತ ಮಾತ್ರ ಅನ್ನಬೇಡಿ ದಯವಿಟ್ಟು.

ಸರ್ಕಾರದ್ದು ಏನಿದೆ ಅಂತ ಭಾಭಿ ಕೇಳಿದ್ದರು. ಕೆಲವು ನಿಂತೇ ಹೋಗಿವೆ. ಒಂದರಿಂದ ಎಂಟರವರೆಗಿನ ಮಕ್ಕಳಿಗೆ ಬರುತ್ತಿದ್ದ ಕೇಂದ್ರದ ಪ್ರೀ-ಮೆಟ್ರಿಕ್ ಸ್ಕಾಲರ್‌ಶಿಪ್ 2022-23ರಿಂದ ಇಲ್ಲ. ಬೇಗಂ ಹಜ್ರತ್ ಮಹಲ್ ಹೆಸರಿನಲ್ಲಿ ಹುಡುಗಿಯರಿಗೆ 9, 10ನೇ ಕ್ಲಾಸಿಗೆ 5,000, ಪಿಯುಸಿಗೆ 6,000 ರೂಪಾಯಿ ಸಿಗುತ್ತಿತ್ತು. ಅದನ್ನು ನಡೆಸುತ್ತಿದ್ದ ಮೌಲಾನಾ ಆಜಾದ್ ಫೌಂಡೇಶನ್ ಮುಚ್ಚಿ ಅಂತ 2024ರ ಫೆಬ್ರುವರಿಯಲ್ಲಿ ಆದೇಶ ಬಂತು. ಇನ್ನೂ ಅದರ ಫಾರಂ ಫಾರ್ವರ್ಡ್ ಮಾಡುವವರಿದ್ದಾರೆ, ಸಾಕು ಬಿಡಿ. ಇರುವುದು ಅಂದರೆ ರಾಜ್ಯದ ಅಲ್ಪಸಂಖ್ಯಾತರ ಇಲಾಖೆಯ ಹುಡುಗಿಯರ ಹಾಸ್ಟೆಲ್, ಮೊರಾರ್ಜಿ ವಸತಿ ಶಾಲೆ, ಹಾಸ್ಟೆಲ್ ಸಿಗದವರಿಗೆ ಊಟ ವಸತಿಗೆ ದುಡ್ಡು ಕೊಡುವ ವಿದ್ಯಾಸಿರಿ. ಸಿಇಟಿ, ನೀಟ್ ಮೂಲಕ ಸೀಟು ಸಿಕ್ಕವರಿಗೆ ಅಲ್ಪಸಂಖ್ಯಾತರ ನಿಗಮದ ‘ಅರಿವು’ ಶಿಕ್ಷಣ ಸಾಲ. ಬಡ್ಡಿ ಅಂತ ಹೆದರುವವರಿಗೆ ಹೇಳುತ್ತೇನೆ, ಅದಕ್ಕೆ ಹಾಕುವುದು 2% ಸೇವಾ ಶುಲ್ಕ. ಸರಿಯೋ ತಪ್ಪೋ ಅಂತ ಮೌಲಾನಾರನ್ನೇ ಕೇಳಿಕೊಳ್ಳಿ. ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನವರದ್ದೂ ಇದೆ. ಹತ್ತನೇ ಮತ್ತು ಪಿಯುಸಿ ಎರಡನ್ನೂ ಸರ್ಕಾರಿಯಲ್ಲಿ ಓದಿ ಡಿಗ್ರಿಗೋ ಡಿಪ್ಲೊಮಾಕ್ಕೋ ಸೇರಿದ ಹುಡುಗಿಗೆ ವರ್ಷಕ್ಕೆ 30,000 ರೂಪಾಯಿ. ಅದಕ್ಕೇ ಹೇಳುವುದು, ಸರ್ಕಾರಿ ಪಿಯು ಕಾಲೇಜು ಅಂತ ಮೂಗು ಮುರಿಯಬೇಡಿ.

ದೂರದ ವಿಷಯ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದ ಮೇಲೆ ಹೆಂಗಸರು ಸರ್ಕಾರಿ ಬಸ್ಸಿಗೆ ದುಡ್ಡು ಕೊಡಬೇಕಿಲ್ಲ, ನಿಜ. ಆದರೆ ಓಣಿಯಿಂದ ಬಸ್ ಸ್ಟಾಪ್ ತನಕ ಟಂಟಂ ಆಟೋ ಬೇಕು, ಸಂಜೆ ಪ್ರಾಕ್ಟಿಕಲ್ ಮುಗಿಯುವಾಗ ಕತ್ತಲು, ಜೊತೆಗೆ ಯಾರಿಲ್ಲ. ಅಬ್ಬಾ ಅಷ್ಟಕ್ಕೇ ಬೇಡ ಅಂದುಬಿಡುತ್ತಾರೆ. ಬೇಗಂ ರುಕಯ್ಯ ಅವರ ಹೆಸರು ನೀವೆಲ್ಲ ಕೇಳಿದ್ದೀರಿ ಅಲ್ವಾ? 1911ರಲ್ಲಿ ಕಲ್ಕತ್ತಾದಲ್ಲಿ ಎಂಟು ಹುಡುಗಿಯರನ್ನು ಸೇರಿಸಿಕೊಂಡು ಶಾಲೆ ತೆಗೆದವರು. ಮನೆಮನೆಗೆ ಹೋಗಿ ತಂದೆತಾಯಿಯರನ್ನು ಒಪ್ಪಿಸಿದರು, ಹುಡುಗಿಯರನ್ನು ಕರೆತರಲು ಪರದೆ ಕಟ್ಟಿದ ಗಾಡಿ ಇಟ್ಟರು. ನೂರು ವರ್ಷದ ಹಿಂದೆಯೇ ಆ ತಾಯಿಗೆ ಗೊತ್ತಿತ್ತು, ಪಾಠಕ್ಕಿಂತ ಮೊದಲು ಗಾಡಿಯ ವ್ಯವಸ್ಥೆ ಆಗಬೇಕು ಅಂತ. ನಮ್ಮ ಓಣಿಯಲ್ಲಿ ಆಟೋ ಓಡಿಸುವವರು ಎಷ್ಟು ಜನ ಇದ್ದಾರೆ! ಬೆಳಿಗ್ಗೆ ಒಂದು ಟ್ರಿಪ್, ಸಂಜೆ ಒಂದು ಟ್ರಿಪ್, ಗೊತ್ತಿರುವ ಮನುಷ್ಯ, ತಿಂಗಳ ಬಾಡಿಗೆ ಜಮಾತಿನಿಂದ. ಸಿಕ್ಯಾಬ್ ಸಂಸ್ಥೆಯವರ ಮಹಿಳಾ ಕಾಲೇಜು ಊರಲ್ಲೇ ಇದೆ, ಅಂಜುಮನ್ ಕಾಲೇಜು ಇದೆ, ತೊರವಿಯಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ 2003ರಿಂದ ಇದೆ. ಬೇರೆ ಜಿಲ್ಲೆಯ ಹುಡುಗಿಯರು ಬಂದು ಹಾಸ್ಟೆಲ್ಲಿನಲ್ಲಿದ್ದು ಎಂ.ಎ. ಮಾಡಿಕೊಂಡು ಹೋಗುತ್ತಾರೆ, ನಾವು ಇಲ್ಲೇ ಇದ್ದು ದೂರ ಅನ್ನುತ್ತೇವೆ.

2022ರ ಹಿಜಾಬ್ ಗಲಾಟೆಯ ನಂತರ ಹೆದರಿಕೆ ಜಾಸ್ತಿ ಆಗಿದೆ, ಅದನ್ನು ನಾನು ಇಲ್ಲ ಅನ್ನುವುದಿಲ್ಲ. ಆ ವರ್ಷ ಪರೀಕ್ಷೆಗೇ ಹೋಗದೆ ಉಳಿದವರಿದ್ದಾರೆ. ಯಾವ ಕಾಲೇಜಿನಲ್ಲಿ ಏನು ನಡೆಯುತ್ತದೆ ಅಂತ ಮೊದಲೇ ಹೋಗಿ ಕೇಳಿ, ಪ್ರಿನ್ಸಿಪಾಲರ ಜೊತೆ ದೊಡ್ಡವರು ಕೂತು ಮಾತಾಡಿ, ಆಮೇಲೆ ಸೇರಿಸಿ. ಹುಡುಗಿಯನ್ನು ಒಬ್ಬಳೇ ಗೇಟಿನಲ್ಲಿ ನಿಲ್ಲಿಸಬೇಡಿ.

ಮಾಮು, ಈಗ ನಿಮ್ಮ ಜೋಡಿ ಪ್ರಶ್ನೆ. ನೀವು ಹೇಳಿದ್ದು ಸುಳ್ಳಲ್ಲ, ಅದಕ್ಕೇ ನಗಲಾರೆ. ಹುಡುಗಿ ಬಿ.ಎಸ್ಸಿ. ಮಾಡುತ್ತಾಳೆ, ಅದೇ ಬಿರಾದರಿಯ, ಅಂದರೆ ಅದೇ ಸಮುದಾಯದ ಹುಡುಗ ಒಂಬತ್ತನೇ ಬಿಟ್ಟು ಗ್ಯಾರೇಜಿನಲ್ಲಿದ್ದಾನೆ. ಹುಡುಗನ ತಾಯಿಗೆ ಓದಿದ ಸೊಸೆ ಅಂದರೆ ಭಯ, ಹುಡುಗಿಯ ತಾಯಿಗೆ ವಯಸ್ಸು ಮೀರುವ ಭಯ. ಆದರೆ ಇದಕ್ಕೆ ಹುಡುಗಿಯ ಓದನ್ನು ಕತ್ತರಿಸುವುದು ಯಾವ ನ್ಯಾಯ? ಅಂಗಿಯ ತೋಳು ಗಿಡ್ಡವಾಯಿತು ಅಂತ ಕೈ ಕಡಿದ ಹಾಗೆ. ಹುಡುಗರನ್ನು ಗ್ಯಾರೇಜಿನಿಂದ ಐಟಿಐಗೆ ಕಳಿಸಿ, ಅವರದ್ದೂ ಪಟ್ಟಿ ಮಾಡಿ. ನಾನು ಹುಡುಗಿಯರ ಬಗ್ಗೆ ಹೇಳುತ್ತಿದ್ದೇನೆ ಅಂತ ಹುಡುಗರನ್ನು ಮರೆಯಿರಿ ಅಂದಿಲ್ಲ. ಮತ್ತೆ ಹದಿನೆಂಟು ತುಂಬುವ ಮೊದಲು ಮದುವೆ ಮಾಡಿದರೆ ನಮ್ಮ ರಾಜ್ಯದ ಕಾನೂನಿನಲ್ಲಿ ಆ ಮದುವೆಯೇ ನಿಲ್ಲುವುದಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಒಂದು ಫೋನ್ ಹೋದರೆ ಶಾಮಿಯಾನಾ ಹಾಕಿದ ಮೇಲೆ ಅಧಿಕಾರಿಗಳು ಬಂದು ನಿಲ್ಲುತ್ತಾರೆ, ಮಾನ ಹೋಗುವುದು ಹುಡುಗಿಯ ಮನೆಯವರದ್ದೇ.

ಗಣಿತದಲ್ಲೋ ಇಂಗ್ಲಿಷಿನಲ್ಲೋ ಹೋದವರ ಬಗ್ಗೆಯೂ ಒಂದು ಮಾತು. ಫೇಲ್ ಆದ ಹುಡುಗಿಯನ್ನು ಮನೆಯಲ್ಲಿ ಕೂರಿಸಬೇಡಿ. ಎಸ್ಸೆಸ್ಸೆಲ್ಸಿಗೆ ಈಗ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಇದೆ, ಅದೇ ವರ್ಷ ಪಾಸು ಮಾಡಿಕೊಂಡು ಪಿಯುಸಿ ಸೇರಬಹುದು. ಶಾಲೆ ಬಿಟ್ಟು ಬಹಳ ದಿನ ಆದವರಿಗೆ ಎನ್‌ಐಒಎಸ್ ಓಪನ್ ಸ್ಕೂಲ್ ಇದೆ, 14 ತುಂಬಿದವರು ಹತ್ತನೇ ಬರೆಯಬಹುದು, ಉರ್ದುವಿನಲ್ಲೂ ಬರೆಯಬಹುದು. ಮದರಸಾದಲ್ಲಿ ಆಲಿಮಾ ಕೋರ್ಸ್, ಅಂದರೆ ಧಾರ್ಮಿಕ ವಿದ್ಯೆಯ ಕೋರ್ಸ್ ಮಾಡುವ ಹುಡುಗಿಯರಿಗೂ ಇದು ಒಳ್ಳೆಯ ದಾರಿ, ಎರಡೂ ಒಟ್ಟಿಗೆ ನಡೆಯುತ್ತದೆ. ಗಣಿತ ಹೇಳಿಕೊಡಲು ನಾನು ರೆಡಿ, ಸಂಜೆಯ ಮಗ್ರಿಬ್ ನಮಾಜ್ ಆದ ಮೇಲೆ ನಮ್ಮ ಮನೆಯಲ್ಲೇ.

ದುಡ್ಡು ಹೇಗೆ ಅಂದರೆ, ಜಕಾತ್ ಅಂದರೆ ಕೊಡಲೇಬೇಕಾದ ದಾನ, ಲಿಲ್ಲಾ ಅಂದರೆ ಅಲ್ಲಾಹನ ಹೆಸರಿನಲ್ಲಿ ಸ್ವಇಚ್ಛೆಯಿಂದ ಕೊಡುವುದು, ಎರಡನ್ನೂ ಒಂದೇ ಡಬ್ಬಿಗೆ ಹಾಕಬೇಡಿ. ಜಕಾತ್ ಬಡವರ ಕೈಗೇ ಸೇರಬೇಕು, ಆಟೋ ಬಾಡಿಗೆಗೆ, ಪ್ರಿಂಟರಿಗೆ ಅದು ಬರುವುದಿಲ್ಲ ಅಂತ ನಮ್ಮ ಆಲಿಮರು ಹೇಳುತ್ತಾರೆ. ಹಾಗಾಗಿ ಜಕಾತನ್ನು ಈಗಲೇ, ಫೀಸ್ ಬಾಕಿ ಇರುವ, ಜಕಾತ್ ಪಡೆಯುವ ಹಕ್ಕಿರುವ ಮನೆಯ ಹುಡುಗಿಯರ ಕೈಗೆ ಕೊಡಿ, ಎಷ್ಟೋ ಜನರಿಗೆ ಹಾಲ್ ಟಿಕೆಟ್ ಅದಕ್ಕೇ ತಡೆದಿರುತ್ತಾರೆ. ಲಿಲ್ಲಾ ದುಡ್ಡನ್ನು ಮುಟ್ಟದೆ ಮೇ ತನಕ ಇಡಿ, ಅದರಲ್ಲಿ ಕೋಣೆ, ಆಟೋ, ಅಡ್ಮಿಶನ್ ಓಡಾಟ ಎಲ್ಲ ಆಗುತ್ತದೆ. ಜಲಸಾ, ಶಾಲು, ಹಾರ, ಫ್ಲೆಕ್ಸ್ ಬೇಡವೇ ಬೇಡ. ಸಹಾಯ ತೆಗೆದುಕೊಂಡ ಹುಡುಗಿಯ ಫೋಟೋ ಈ ಗ್ರೂಪಿಗೂ ಬರಬಾರದು, ನಾಳೆ ಅವಳ ಕ್ಲಾಸಿನವರು ನೋಡುತ್ತಾರೆ.

ಭಾನುವಾರ ಇಶಾ ನಮಾಜಿನ ಮೇಲೆ ಕಮಿಟಿ ಕೂರುತ್ತದೆ ಅಂತ ಕೇಳಿದೆ. ಅದನ್ನು ಮಸೀದಿಯ ಒಳಗಿನ ಬದಲು ಚಾಚಾ ನಿಮ್ಮ ಅಂಗಳದಲ್ಲಿ ಇಡಿ, ಹೆಂಗಸರೂ ಬಂದು ಕೂರುತ್ತೇವೆ. ಅಷ್ಟರೊಳಗೆ ಈ ವರ್ಷ ಯಾರ ಮನೆಯಲ್ಲಿ ಹತ್ತನೇ ಓದುವ ಹುಡುಗಿ ಇದ್ದಾಳೋ ಅವರು ನನಗೆ ಪರ್ಸನಲ್ಲಾಗಿ ಮೆಸೇಜ್ ಹಾಕಿ, ಗ್ರೂಪಿನಲ್ಲಿ ಹಾಕಬೇಡಿ. ಆಧಾರ್, ಪಾಸ್‌ಬುಕ್, ಒಂಬತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್, ಮೂರರದ್ದೂ ಫೋಟೋ ಕಳಿಸಿ, ಹೆಸರು ಒಂದೇ ಇದೆಯಾ ಅಂತ ನಾನು ಈಗಲೇ ನೋಡಿಬಿಡುತ್ತೇನೆ. ಆಟೋ ಇರುವವರು ತಿಂಗಳಿಗೆ ಎಷ್ಟಕ್ಕೆ ಬರುತ್ತೀರಿ ಅಂತ ಅದನ್ನೂ ಹೇಳಿ, ಪುಕ್ಕಟೆ ಅನ್ನಬೇಡಿ, ಪೆಟ್ರೋಲ್ ಲೆಕ್ಕ ಹಾಕಿ ಸರಿಯಾಗಿ ಹೇಳಿ.