ಪದಚರ್ಚೆ: ಪ್ರೀಮೆಡಿಟೇಶನ್‌ಗೆ ‘ಪೂರ್ವನಿಯೋಜಿತ’ ಸರಿನಾ?

ದಾವಣಗೆರೆಯ ಕೊಲೆ ಕೇಸಿನ ತೀರ್ಪು ನಾಳೆಯೊಳಗೆ ಕನ್ನಡಕ್ಕೆ ಬರಬೇಕು, ಅದರಲ್ಲಿನ ‘ಪ್ರೀಮೆಡಿಟೇಶನ್’ಗೆ, ಅಂದರೆ ಮೊದಲೇ ಯೋಚಿಸಿ ಮನಸ್ಸು ಮಾಡಿಕೊಳ್ಳುವುದಕ್ಕೆ, ಪದ ಬೇಕು ಅಂದಿದ್ದೀರಿ, ಹಾಗಾಗಿ ಮೊದಲು ಪದ ಕೊಟ್ಟುಬಿಡುತ್ತೇನೆ: ಪೂರ್ವಾಲೋಚನೆ. ಪತ್ರಿಕೆಗಳ ‘ಪೂರ್ವನಿಯೋಜಿತ’ ಬೇಡ. ಅದರಲ್ಲಿ ಸಂಚಿನ ವಾಸನೆ ಇದೆ. ಒಬ್ಬನೇ ಕೂತು, ಯಾವ ಪ್ಲಾನೂ ಹಾಕದೆ, ‘ಇವನನ್ನು ಮುಗಿಸಬೇಕು’ ಅಂತ ಮನಸ್ಸು ಗಟ್ಟಿ ಮಾಡಿಕೊಂಡರೂ ಅದು ಪ್ರೀಮೆಡಿಟೇಶನ್ನೇ.

ನಿಮ್ಮ ಕರಡಿನ ‘ಉದ್ದೇಶಪೂರ್ವಕ’ ಅಂತೂ ಪೂರ್ತಿ ತಪ್ಪು. ‘ಬೇಕಂತಲೇ ಹೊಡೆದ’ ಬೇರೆ, ‘ಮೊದಲೇ ಮನಸ್ಸು ಮಾಡಿಕೊಂಡು ಬಂದು ಹೊಡೆದ’ ಬೇರೆ, ಅಲ್ವಾ? ಹೊಲದ ಬದುವಿನ ಜಗಳ ತಗೊಳ್ಳಿ. ಮಾತಿಗೆ ಮಾತು ಬೆಳೆದು, ಅಲ್ಲೇ ಬಿದ್ದಿದ್ದ ಗುದ್ದಲಿ ಎತ್ತಿ ಬಾರಿಸಿದವನಿಗೆ ಕೊಲ್ಲುವ ಉದ್ದೇಶ ಆ ಗಳಿಗೆಯಲ್ಲೇ ಹುಟ್ಟಿರಬಹುದು, ಪೂರ್ವಾಲೋಚನೆ ಇರುವುದಿಲ್ಲ. ಮನೆಯಿಂದಲೇ ಮಚ್ಚು ಮುಚ್ಚಿಟ್ಟುಕೊಂಡು ಬಂದವನ ಕಥೆ ಬೇರೆ.

ಅಮೆರಿಕದ ಹಲವು ರಾಜ್ಯಗಳಲ್ಲಿ ಮೊದಲ ದರ್ಜೆಯ ಕೊಲೆಗೆ ಪೂರ್ವಾಲೋಚನೆ ತೋರಿಸಬೇಕು. ನಮ್ಮಲ್ಲಿ ಅದಿಲ್ಲದೆಯೂ ಕೊಲೆ ಸಾಬೀತಾಗುತ್ತದೆ. ಇಲ್ಲಿ ಆ ಪದ ಬರುವುದು ವಿನಾಯಿತಿಯಲ್ಲಿ, ಅಂದರೆ ಯಾವಾಗ ಅದು ಕೊಲೆ ಎನಿಸುವುದಿಲ್ಲ ಎಂದು ಹೇಳುವ ಕಡೆ. ಹಳೆಯ ದಂಡ ಸಂಹಿತೆಯ (ಐಪಿಸಿ) 300ನೇ ಕಲಂ, 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 101ನೇ ಕಲಂ, ಎರಡರಲ್ಲೂ 4ನೇ ವಿನಾಯಿತಿ ಓದಿ. ಪೂರ್ವಾಲೋಚನೆ ಇರಬಾರದು, ದಿಢೀರ್ ಜಗಳದ ಕಾವಿನಲ್ಲಿ ನಡೆದ ಹೊಡೆದಾಟ ಆಗಿರಬೇಕು, ಎದುರಾಳಿಯ ಮೇಲೆ ಅನುಚಿತವಾಗಿ ಮೇಲುಗೈ ಪಡೆದಿರಬಾರದು, ಕ್ರೂರವಾಗಿ ನಡೆದುಕೊಂಡಿರಬಾರದು. ಇಷ್ಟೂ ಕೂಡಿದರೆ ಮಾತ್ರ ಅದು ಕೊಲೆಯಲ್ಲದ ನರಹತ್ಯೆ. ಗಲ್ಲು ಇಲ್ಲವೇ ಜೀವಾವಧಿ ಅನ್ನುವ ಕಡೆ ಹತ್ತು ವರ್ಷ ಆಗಬಹುದು. ಸುಮ್ನೆ ಹತ್ತಿರದ ಪದ ಹಾಕಿ ಮುಗಿಸುವ ಜಾಗ ಇದಲ್ಲ.

‘ಪೂರ್ವಧ್ಯಾನ’ ಎಂದವರಿಗೆ: ಖಂಡಿತ ಬೇಡ. ಲ್ಯಾಟಿನ್ ಮೂಲಕ್ಕೆ ಮನಸ್ಸಿನಲ್ಲೇ ತಿರುವಿ ಹಾಕಿ ಯೋಚಿಸುವುದು ಎಂದರ್ಥ, ಕಣ್ಣು ಮುಚ್ಚಿ ಕೂರುವುದಲ್ಲ.

‘ಮುನ್ನೆಣಿಕೆ’ ಎಂದವರಿಗೆ: ಎಣಿಸು ಅಂದರೆ ಯೋಚಿಸು, ಕುಂದಾಪುರದ ಕಡೆ ಅದು ಇಂದಿಗೂ ಜೀವಂತ, ಒಪ್ಪುತ್ತೇನೆ. ದಾವಣಗೆರೆಯಲ್ಲಿ ಎಣಿಕೆ ಅಂದರೆ ಮತ ಎಣಿಕೆ. ಜೈಲಿಗೆ ಹೋಗುವವನ ಮನೆಯವರು ಈ ತೀರ್ಪು ಓದಿ ಏನು ತಿಳಿಯಬೇಕು? ಸಂಸ್ಕೃತ ಕಂಡ ಕೂಡಲೇ ಉರಿಯುವ ನೀವು ವಕೀಲ, ಜಾಮೀನು, ಫಿರ್ಯಾದಿ, ಖೂನಿ ಬಗ್ಗೆ ಚಕಾರ ಎತ್ತುವುದಿಲ್ಲ. ಅವು ಅರಬ್ಬಿ, ಪಾರಸಿ ಮೂಲದವು, ಜನರ ಬಾಯಲ್ಲಿ ಪಳಗಿವೆ. ಆಲೋಚನೆಯೂ ಅಷ್ಟೇ ಪಳಗಿದೆ.

ಇನ್ನೊಂದು. ಸಾಕ್ಷಿಯ ಮಾತು ಬರುವ ಕಡೆ ಪೂರ್ವಾಲೋಚನೆ ತುರುಕಬೇಡಿ. ಚಿತ್ರದುರ್ಗದಲ್ಲಿ ನಾನು ಹೇಳಿಕೆ ಟೈಪ್ ಮಾಡುತ್ತಿದ್ದಾಗ ಒಬ್ಬ ಅಜ್ಜಿ ‘ಅವ್ನು ಮೊದ್ಲೇ ಮನಸ್ನಾಗೆ ಇಟ್ಕಂಡಿದ್ದ ಸ್ವಾಮಿ’ ಎಂದಿದ್ದರು. ಹಾಗೇ ದಾಖಲಾಯಿತು. ನಿಮ್ಮ ಕೇಸಿನಲ್ಲೂ ಮೂಲ ಹೇಳಿಕೆ ಕನ್ನಡದಲ್ಲೇ ಇದ್ದರೆ ಕಡತ ತರಿಸಿ ಅದರಿಂದಲೇ ಎತ್ತಿಕೊಳ್ಳಿ, ಇಂಗ್ಲಿಷಿನಿಂದ ಮತ್ತೆ ಕನ್ನಡ ಮಾಡಬೇಡಿ.