ಕೆರೆಮೂಲೆ ಹೋಗಿ ಕರೆಮೂಲೆ ಆಗಿದೆ, ಕನ್ನಡದಲ್ಲಿ ಅರ್ಜಿ ಕೊಡಬಹುದೇ?

ತೋಟದಕರೆ, ಕಾಸರಗೋಡು:
ಅಮ್ಮ ತೀರಿಕೊಂಡು ಎರಡು ತಿಂಗಳಾಯಿತು. ಮರಣಪತ್ರಕ್ಕೆ ಪೇಟೆಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಅರ್ಜಿ ಹಾಕಿಸಿದೆ. ಹುಡುಗ ಬೇಗಬೇಗ ಟೈಪ್ ಮಾಡಿ, "ಸರಿ ಉಂಟಾ ನೋಡಿ" ಎಂದು ಪರದೆ ನನ್ನ ಕಡೆ ತಿರುಗಿಸಿದ. ಎಲ್ಲ ಮಲಯಾಳದಲ್ಲಿತ್ತು. ನಾನು ಹತ್ತನೆಯವರೆಗೂ ಕನ್ನಡ ಮಾಧ್ಯಮ; ಮಲಯಾಳ ಮಾತಾಡುತ್ತೇನೆ, ಓದಲು ಬರುವುದಿಲ್ಲ. ಹಿಂದೆ ನಾಲ್ಕು ಜನ ಕಾಯುತ್ತಿದ್ದರು. ತಲೆಯಾಡಿಸಿದೆ, ಒಟಿಪಿ ಹೇಳಿದೆ.

ಪತ್ರ ಮೊಬೈಲಿಗೇ ಬಂತು, ಕಚೇರಿಗೆ ಅಲೆಯುವುದು ತಪ್ಪಿತು, ಅದು ಒಳ್ಳೆಯದೇ. ಆದರೆ ಮನೆಹೆಸರು ಕರೆಮೂಲೆ ಎಂದಿದೆ. ಅಮ್ಮನ ಹೆಸರು ಲಕ್ಷ್ಮಿ. ಆಧಾರ್‌ನ ಇಂಗ್ಲಿಷಿನಲ್ಲಿ ಎಕ್ಸ್ ಇದೆ, ಇಲ್ಲಿ ಕೆ-ಎಸ್-ಎಚ್. ಇಬ್ಬರೂ ಒಬ್ಬರೇ ಎಂದು ಬ್ಯಾಂಕಿನವರು ಒಪ್ಪುತ್ತಿಲ್ಲ. ಆ ಕೆರೆಯಿಂದಲೇ ಕೊಡಪಾನ ಹೊತ್ತು ನಮ್ಮನ್ನು ಸಾಕಿದವರು ಅಮ್ಮ. ಅವರ ಕೊನೆಯ ಕಾಗದದಲ್ಲಿ ಕೆರೆಯೇ ಇಲ್ಲ ಎಂದರೆ ನನ್ನಿಂದ ತಡೆಯಲಾಗುವುದಿಲ್ಲ. ತಿದ್ದಿಸುವುದು ಹೇಗೆ? ಕನ್ನಡದಲ್ಲಿ ಬರೆದುಕೊಟ್ಟರೆ ತೆಗೆದುಕೊಳ್ಳುತ್ತಾರಾ?

ಪಯಸ್ವಿನಿ:
ಧೈರ್ಯವಾಗಿ ಕೊಡಿ ಅಣ್ಣಾ. ಕೇರಳದ 1969ರ ರಾಜಭಾಷಾ ಕಾಯ್ದೆ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲೇ ಸರಕಾರದೊಡನೆ ಪತ್ರವ್ಯವಹಾರ ಮಾಡುವ ಹಕ್ಕು ಕೊಟ್ಟಿದೆ, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಸಂವಿಧಾನದ 350ನೇ ವಿಧಿಯೂ ನಿಮ್ಮ ಬೆನ್ನಿಗಿದೆ. ಆಧಾರ್, ರೇಷನ್ ಕಾರ್ಡಿನ ಪ್ರತಿ ಲಗತ್ತಿಸಿ, ರಶೀದಿ ಇಲ್ಲದೆ ಹಿಂದೆ ಬರಬೇಡಿ.

ಅಬುಧಾಬಿಯಿಂದ:
2024ರ ಜನವರಿ 1ಕ್ಕೆ ಕೇರಳದ ನಗರಸಭೆಗಳಿಗೆ ಕೆ-ಸ್ಮಾರ್ಟ್ ಎಂಬ ಆನ್‌ಲೈನ್ ಸೇವೆ ಬಂತಲ್ಲ, ಈಗ ಮದುವೆ ನೋಂದಣಿಗೂ ವಿಮಾನ ಹತ್ತಬೇಕಾಗಿಲ್ಲ, ವೀಡಿಯೊದಲ್ಲೇ ಗುರುತು ಖಚಿತಪಡಿಸಬಹುದು. ರಜೆ ಸಿಗದ ನಮ್ಮಂಥವರಿಗೆ ಇದು ದೊಡ್ಡ ಉಪಕಾರ. ಆನ್‌ಲೈನ್ ಬೇಡ ಅನ್ನಬೇಡಿ. ಒಪ್ಪಿಗೆ ಕೊಡುವ ಪುಟ ಕನ್ನಡದಲ್ಲಿ ಬೇಕು ಎಂದು ಎಲ್ಲರೂ ಸೇರಿ ಕೇಳೋಣ.

ನಿವೃತ್ತ ಗುಮಾಸ್ತ:
ನಾನು ವರ್ಷಗಟ್ಟಲೆ ಕೌಂಟರಿನಲ್ಲಿ ಕುಳಿತವನು. ಮನೆಯವರ ಕೈಯಿಂದಲೇ ಚೀಟಿಯಲ್ಲಿ ಹೆಸರು ಬರೆಸಿಕೊಳ್ಳುತ್ತಿದ್ದೆ, ದಾಖಲಿಸಿದ ಮೇಲೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಕೊರಗಪ್ಪ, ಐತ್ತಪ್ಪ, ದೂಮಣ್ಣ, ಈ ಹೆಸರುಗಳೆಲ್ಲ ಕನ್ನಡದ ಬಾಯಿಂದ ಮಲಯಾಳದ ಬರಹಕ್ಕೆ, ಅಲ್ಲಿಂದ ಇಂಗ್ಲಿಷಿಗೆ ಹೋಗುವಾಗ ದಾರಿಯಲ್ಲಿ ಏನಾದರೂ ಕಳೆದುಕೊಳ್ಳುತ್ತವೆ. ಹಾಗೆ ಓದಿ ಹೇಳುವವರು ಈಗ ಯಾರಿದ್ದಾರೆ? ಅಂಗಡಿಯ ಹುಡುಗನಿಗೆ ಅದನ್ನು ಯಾರೂ ಕಲಿಸಿಲ್ಲ, ಅವನನ್ನು ಬೈದು ಪ್ರಯೋಜನವಿಲ್ಲ.

ನಿಮ್ಮ ಕೆಲಸಕ್ಕೆ ಬೇಕಾದ್ದು ಜನನ ಮರಣ ನೋಂದಣಿ ಕಾಯ್ದೆಯ 15ನೇ ಸೆಕ್ಷನ್. ತಪ್ಪು ರುಜುವಾತಾದರೆ ರಿಜಿಸ್ಟ್ರಾರರು ಮೂಲ ನಮೂದನ್ನು ಅಳಿಸದೆ, ಅಂಚಿನಲ್ಲಿ ತಿದ್ದುಪಡಿ ಬರೆದು ಸಹಿ ಮಾಡುತ್ತಾರೆ. ಅರ್ಜಿಯಲ್ಲಿ ಆ ಸೆಕ್ಷನ್ ಹೆಸರಿಸಿ.

ತೋಟದಕರೆ, ಕಾಸರಗೋಡು:
ಇಂದು ಕೊಟ್ಟುಬಂದೆ. ಕನ್ನಡದ ಅರ್ಜಿಯನ್ನೇ ತೆಗೆದುಕೊಂಡರು, ರಶೀದಿಯೂ ಸಿಕ್ಕಿತು. ನೀವು ಹೇಳಿದಂತೆ ಒಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಮನೆಹೆಸರು ಬರೆದು ಪಿನ್ ಮಾಡಿದ್ದೆ. ಮೇಜಿನಾಚೆ ಇದ್ದ ಹೆಂಗಸು ಅದನ್ನು ನೋಡಿ "ಕೆರೆ... ಕೆರೆಮೂಲೆ, ಅಲ್ವಾ?" ಎಂದು ಗಟ್ಟಿಯಾಗಿ ಓದಿದರು.