ಸರ್ವರ್ ಎರಡಿದ್ದರೂ ಮಂಡಿ ಬಿಲ್ಲು ನಿಂತಿತು: ಲೋಡ್ ಬ್ಯಾಲೆನ್ಸಿಂಗ್ ಸ್ವಿಚ್ ಬೇಕಾ?

ಪ್ರಶ್ನೆ (ಕೋಲಾರದಿಂದ):
ಮೇಡಂ, ನಮಸ್ಕಾರ. ಕೋಲಾರ ಎಪಿಎಂಸಿಯ ಟೊಮೆಟೊ ಮಂಡಿಗಳಿಗೆ ಬಿಲ್ಲಿಂಗ್ ಆಪ್ ಕೊಡುತ್ತೇವೆ. ಹರಾಜು ಮುಗಿದ ಕೂಡಲೇ 15 ಕೆಜಿ ಬಾಕ್ಸ್ ಲೆಕ್ಕದಲ್ಲಿ ರೈತರ ಬಿಲ್ಲು ಪ್ರಿಂಟ್ ಆಗಬೇಕು. ಎರಡು ಸರ್ವರ್ ಇವೆ, ಎರಡೂ ನಮ್ಮ ಆಫೀಸಿನಲ್ಲೇ. ಡಿಎನ್‌ಎಸ್‌ನಲ್ಲಿ (ಹೆಸರು ಕೊಟ್ಟರೆ ಸರ್ವರ್ ವಿಳಾಸ ಹೇಳುವ ವ್ಯವಸ್ಥೆ) ಎರಡರ ಐಪಿಯನ್ನೂ, ಅಂದರೆ ನೆಟ್‌ವರ್ಕ್ ವಿಳಾಸವನ್ನೂ, ಹಾಕಿದ್ದೇವೆ. ಕಳೆದ ಜುಲೈನಲ್ಲಿ, ಮಾಲು ಜಾಸ್ತಿ ಬರುವ ಹೊತ್ತಿನಲ್ಲೇ, ಒಂದು ಸರ್ವರ್ ಕೈಕೊಟ್ಟಿತು. ಅರ್ಧ ಮಂಡಿಗಳಲ್ಲಿ ಬಿಲ್ಲು ನಿಂತಿತು, ಇನ್ನರ್ಧ ಓಡುತ್ತಿತ್ತು. ಬೈಗುಳ ಮಾತ್ರ ಪೂರ್ತಿ ಬಂತು. ಡೀಲರ್ ಒಬ್ಬರು ಲೋಡ್ ಬ್ಯಾಲೆನ್ಸಿಂಗ್ ಇರುವ ಸ್ವಿಚ್ ಹಾಕಿಸಿ ಅನ್ನುತ್ತಿದ್ದಾರೆ. ಹಾಕಿದರೆ ಸರಿ ಹೋಗುತ್ತಾ?

ಉತ್ತರ (ನೆಟ್‌ವರ್ಕ್ ಎಂಜಿನಿಯರ್, ಬಂಗಾರಪೇಟೆ):
ನಮಸ್ಕಾರ ಸರ್. ರೈಲಿನಲ್ಲಿ ಕೂತು ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಡಿಎನ್‌ಎಸ್‌ಗೆ ಸರ್ವರ್ ಬದುಕಿದೆಯಾ ಸತ್ತಿದೆಯಾ ಗೊತ್ತಿರುವುದಿಲ್ಲ. ಕೇಳಿದವರಿಗೆ ಐಪಿ ಕೊಟ್ಟು ಸುಮ್ಮನಾಗುತ್ತದೆ. ಸತ್ತ ಸರ್ವರ್ ಕಡೆ ಹೋದ ಮಂಡಿಗಳಲ್ಲಿ ಬಿಲ್ಲು ನಿಂತಿದ್ದು ಅದಕ್ಕೇ. ಕೆಲವು ಬ್ರೌಸರ್‌ಗಳು ಒಂದು ಐಪಿ ಉತ್ತರ ಕೊಡದಿದ್ದರೆ ಇನ್ನೊಂದನ್ನು ತಾವೇ ನೋಡುತ್ತವೆ. ನಿಮ್ಮ ಆಪ್ ಆ ಕೆಲಸ ಮಾಡುತ್ತಿಲ್ಲ ಅನಿಸುತ್ತದೆ.

ಇನ್ನು ಡೀಲರ್ ಮಾತು. ಮೊದಲು ಅವರು ಹೇಳುವ ಸ್ವಿಚ್ ಯಾವುದು ಅಂತ ಮಾಡೆಲ್ ನಂಬರ್ ಕೇಳಿ. ಸಾಮಾನ್ಯ ಸ್ವಿಚ್‌ಗಳ ಪಟ್ಟಿಯಲ್ಲೂ ‘ಲೋಡ್ ಬ್ಯಾಲೆನ್ಸಿಂಗ್’ ಅಂತ ಬರೆದಿರುತ್ತಾರೆ. ಅದು ಎರಡು ಮೂರು ಕೇಬಲ್ ಸೇರಿಸಿ ಟ್ರಾಫಿಕ್ ಹಂಚುವುದು, ಎಲ್‌ಎಸಿಪಿ ಅನ್ನುತ್ತಾರೆ. ಎರಡು ಇಂಟರ್ನೆಟ್ ಲೈನ್ ಹಿಡಿಯುವ ರೌಟರಿನ ಮೇಲೂ ಇದೇ ಪದ ಇರುತ್ತದೆ. ಎರಡಕ್ಕೂ ನಿಮ್ಮ ಬಿಲ್ಲಿಂಗ್ ಆಪ್ ಅಂದರೆ ಏನೂ ಗೊತ್ತಿಲ್ಲ. ದುಡ್ಡು ಕೊಟ್ಟ ಮೇಲೆ ಇದು ಗೊತ್ತಾದವರನ್ನು ನೋಡಿದ್ದೇನೆ.

ನಿಮಗೆ ಬೇಕಾದದ್ದು ಸರ್ವರ್‌ಗಳ ಮುಂದೆ ಕೂರುವ ಪೆಟ್ಟಿಗೆ, ಲೋಡ್ ಬ್ಯಾಲೆನ್ಸರ್ ಅನ್ನುತ್ತಾರೆ. 1990ರ ದಶಕದ ಕೊನೆಯಲ್ಲಿ ಆಲ್ಟಿಯಾನ್ ಥರದ ಕಂಪನಿಗಳು ಇದನ್ನೇ ‘ವೆಬ್ ಸ್ವಿಚ್’ ಅಂತ ಮಾರುತ್ತಿದ್ದವು. ಸ್ವಿಚ್ ಅನ್ನುವ ಹೆಸರು ಅಲ್ಲಿಂದ ಉಳಿದುಕೊಂಡಿದೆ. ಹೊರಗಿನವರಿಗೆ ಒಂದೇ ಐಪಿ ಕಾಣುತ್ತದೆ. ಬಂದ ಕೆಲಸವನ್ನು ಪೆಟ್ಟಿಗೆ ಹಂಚುತ್ತದೆ. ಸರದಿ ಪ್ರಕಾರ ಹಂಚಬಹುದು, ಇಲ್ಲವೇ ಯಾವ ಸರ್ವರ್ ಮೇಲೆ ಕಡಿಮೆ ಕನೆಕ್ಷನ್ ಇದೆಯೋ ಅದಕ್ಕೆ ಕೊಡಬಹುದು. ಜೊತೆಗೆ ಆಗಾಗ ಸರ್ವರ್‌ಗಳ ನಾಡಿ ಹಿಡಿದು ನೋಡುತ್ತದೆ. ಸತ್ತದ್ದಕ್ಕೆ ಕೆಲಸ ಕಳಿಸುವುದಿಲ್ಲ.

ಈ ನಾಡಿ ನೋಡುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಪಿಂಗ್‌ಗೆ (ಯಂತ್ರ ಇದೆಯಾ ಅಂತ ಕೇಳುವ ಸಣ್ಣ ಸಂದೇಶ) ಉತ್ತರ ಬಂದರೆ ಸಾಕು ಅಂದುಕೊಳ್ಳುತ್ತಾರೆ. ಆಪ್ ಹ್ಯಾಂಗ್ ಆಗಿ ನಿಂತಿದ್ದರೂ ಪಿಂಗ್ ಬರುತ್ತಲೇ ಇರುತ್ತದೆ! ಪೋರ್ಟ್ (ಆಪ್ ಕನೆಕ್ಷನ್ ತೆಗೆದುಕೊಳ್ಳುವ ಬಾಗಿಲು) ತೆರೆದಿದೆ ಅಂದರೂ ಸಾಲದು. ಆಪ್‌ನಲ್ಲೇ ಒಂದು ಚಿಕ್ಕ ಪುಟ ಮಾಡಿ. ಅದು ಡೇಟಾಬೇಸ್‌ನಿಂದ ಒಂದು ಸಾಲು ಓದಿ ‘ಸರಿ ಇದೆ’ ಅನ್ನಲಿ. ಪೆಟ್ಟಿಗೆ ಆ ಪುಟವನ್ನು ಕೇಳಲಿ.

ಪೆಟ್ಟಿಗೆಯೂ ಎರಡು ಬೇಕು. ಒಂದೇ ಇದ್ದರೆ ಅದು ಕೆಟ್ಟ ದಿನ ಚೆನ್ನಾಗಿರುವ ಎರಡೂ ಸರ್ವರ್ ಯಾರ ಕೈಗೂ ಸಿಗದೆ ಒಳಗೇ ಕೂತಿರುತ್ತವೆ, ಅಲ್ವಾ?

ಪ್ರಶ್ನೆ ಕೇಳಿದವರು:
ಮೇಡಂ, ಒಂದಕ್ಕೇ ಬಜೆಟ್ ಇಲ್ಲ, ಎರಡು ಎಲ್ಲಿಂದ ತರಲಿ?

ಉತ್ತರ:
ಹಾಗಾದರೆ ಕೊಳ್ಳಲೇಬೇಡಿ. ಎರಡು ಹಳೇ ಪಿಸಿಗೆ ಲಿನಕ್ಸ್, ಅದರ ಮೇಲೆ ಎಚ್‌ಎ ಪ್ರಾಕ್ಸಿ (ಆ ಪೆಟ್ಟಿಗೆಯ ಕೆಲಸ ಮಾಡುವ ಸಾಫ್ಟ್‌ವೇರ್) ಮತ್ತು ಕೀಪ್‌ಅಲೈವ್‌ಡಿ ಹಾಕಿ. ಎರಡೂ ಉಚಿತ. ಎಚ್‌ಎ ಪ್ರಾಕ್ಸಿಯಲ್ಲಿ ಚೆಕ್ ಆನ್ ಮಾಡಿ. ನೀವು ಬೇರೇನೂ ಬದಲಿಸದಿದ್ದರೆ 2 ಸೆಕೆಂಡಿಗೊಮ್ಮೆ ನೋಡುತ್ತದೆ, 3 ಸಲ ಉತ್ತರ ಬರದಿದ್ದರೆ ಆ ಸರ್ವರನ್ನು ಪಕ್ಕಕ್ಕಿಡುತ್ತದೆ. ಕೀಪ್‌ಅಲೈವ್‌ಡಿ ಮಾಡುವುದು ವಿಆರ್‌ಆರ್‌ಪಿ ಕೆಲಸ, ಅಂದರೆ ಒಂದು ಯಂತ್ರ ಕೆಟ್ಟರೆ ಅದರ ಐಪಿಯನ್ನು ಇನ್ನೊಂದಕ್ಕೆ ದಾಟಿಸುವುದು. ಮೊದಲ ಪಿಸಿ ಪ್ರತಿ ಸೆಕೆಂಡ್ ‘ನಾನಿದ್ದೇನೆ’ ಅನ್ನುತ್ತಿರುತ್ತದೆ. ಮೂರು ಸೆಕೆಂಡು ದಾಟಿದರೂ ದನಿ ಕೇಳದಿದ್ದರೆ ಎರಡನೆಯದು ಹೊರಗಿನವರಿಗೆ ಕಾಣುವ ಆ ಐಪಿಯನ್ನು ತಾನೇ ಹೊತ್ತುಕೊಳ್ಳುತ್ತದೆ. ದಯವಿಟ್ಟು ಎರಡೂ ಪಿಸಿಯನ್ನು ಒಂದೇ ಯುಪಿಎಸ್‌ಗೆ ಚುಚ್ಚಬೇಡಿ.

ಇನ್ನೊಬ್ಬ ಸದಸ್ಯರು (ಮಾಲೂರು):
ಅಕ್ಕ, ನಾವು ಹೀಗೇ ಮಾಡಿದೆವು. ಆದರೆ ಬಳಸುವವರು ಪದೇ ಪದೇ ಲಾಗೌಟ್ ಆಗುತ್ತಿದ್ದಾರೆ.

ಉತ್ತರ:
ಲಾಗಿನ್ ವಿವರ ಒಂದೇ ಸರ್ವರ್‌ನ ಮೆಮೊರಿಯಲ್ಲಿದೆ. ಮುಂದಿನ ಕ್ಲಿಕ್ ಇನ್ನೊಂದಕ್ಕೆ ಹೋದರೆ ಅದಕ್ಕೆ ಗುರುತು ಸಿಗುವುದಿಲ್ಲ. ಸದ್ಯಕ್ಕೆ ಕುಕೀ (ಬ್ರೌಸರ್‌ನಲ್ಲಿ ಇಡುವ ಗುರುತಿನ ಚೀಟಿ) ಹಾಕಿ ಒಬ್ಬರನ್ನು ಒಂದೇ ಸರ್ವರ್‌ಗೆ ಅಂಟಿಸಿ. ಆಮೇಲೆ ಲಾಗಿನ್ ವಿವರವನ್ನು ಎರಡೂ ಸರ್ವರ್ ನೋಡುವಂತೆ ರೆಡಿಸ್‌ನಲ್ಲೋ (ಮೆಮೊರಿಯಲ್ಲಿ ಡೇಟಾ ಇಡುವ ಸಾಫ್ಟ್‌ವೇರ್) ಡೇಟಾಬೇಸ್‌ನಲ್ಲೋ ಇಡಿ.

ಕೋಲಾರದ ಸರ್, ನಿಮಗೊಂದು ಪ್ರಶ್ನೆ. ಡೇಟಾಬೇಸ್ ಎಲ್ಲಿದೆ? ಮೊದಲ ಸರ್ವರ್‌ನಲ್ಲೇ ಇದ್ದು, ಜುಲೈನಲ್ಲಿ ಕೆಟ್ಟದ್ದು ಎರಡನೆಯದಾ?

ಪ್ರಶ್ನೆ ಕೇಳಿದವರು:
ಹೌದು ಮೇಡಂ. ಹೇಗೆ ಗೊತ್ತಾಯ್ತು?

ಉತ್ತರ:
ಡೇಟಾಬೇಸ್ ಒಂದೇ ಕಡೆ ಇಡುವವರೇ ಜಾಸ್ತಿ. ಅದಿರುವ ಸರ್ವರ್ ಕೆಟ್ಟಿದ್ದರೆ ಅರ್ಧ ಮಂಡಿಯೂ ಓಡುತ್ತಿರಲಿಲ್ಲ. ಸ್ವಿಚ್ ವಿಷಯ ಒಂದು ತಿಂಗಳು ಬದಿಗಿಡಿ. ಮೊದಲು ಡೇಟಾಬೇಸ್‌ನ ನಕಲು ಎರಡನೇ ಸರ್ವರ್‌ನಲ್ಲೂ ಆಗುತ್ತಿರುವಂತೆ ರೆಪ್ಲಿಕೇಶನ್ ಹಾಕಿ. ಆಮೇಲೆ ಒಂದು ಮಧ್ಯಾಹ್ನ, ಹರಾಜೆಲ್ಲ ಮುಗಿದ ಮೇಲೆ, ಮೊದಲ ಸರ್ವರ್‌ನ ಪ್ಲಗ್ ಕಿತ್ತು, ಎರಡನೆಯದನ್ನೇ ಮುಖ್ಯ ಮಾಡಿ ಬಿಲ್ಲು ಬರುತ್ತಾ ನೋಡಿ. ಏನಾಯಿತು ಅಂತ ಇಲ್ಲೇ ಬರೆಯಿರಿ.